ಡಬ್ಬಾ ಸಿನಿಮಾದ ಮನೆ

ಮನೆಯಲ್ಲಿ ಹುಳಿ ವಾಸನೆ ಕಾಣಿಸಿಕೊಂಡಾಗ ಸೊಸೆಗೆ ಮೊದಲು ಅನುಮಾನ ಬಂದದ್ದು ಮಾವನ ಮೇಲೆ. ಆ ಮನೆಯಲ್ಲಿ ಸೌಟು ಹಿಡಿಯುವವರು ಅವರೇ. ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದಾಗಲೂ ಬೆಳಿಗ್ಗೆ ಅಡುಗೆ ಮುಗಿಸಿಯೇ ಕೆಲಸಕ್ಕೆ ಹೊರಡುತ್ತಿದ್ದರು. ನಿವೃತ್ತರಾದ ಮೇಲಂತೂ ಅಡುಗೆಮನೆಗೆ ಕಾಲಿಡಲು ಬೇರೆಯವರು ಅವರ ಅಪ್ಪಣೆ ಪಡೆಯಬೇಕಿತ್ತು.

"ಮಾವ, ವಿನೆಗರ್ ಬಾಟಲಿ ಏನಾದ್ರೂ ಚೆಲ್ತಾ?"

"ನನ್ನ ಅಡುಗೆಮನೇಲಿ ಚೆಲ್ಲೋದು ನಿನ್ನ ಗಂಡನ ಸಿಟ್ಟು ಒಂದೇ ಕಣಮ್ಮ," ಎಂದರು ಮಾವ, ಈರುಳ್ಳಿ ಹೆಚ್ಚುತ್ತಲೇ.

ಸೊಸೆ ಮೋರಿ ತೊಳೆದಳು. ಡಬ್ಬಗಳನ್ನು ಇಳಿಸಿ ಒರೆಸಿದಳು. ಮಗಳ ಶಾಲೆಯ ಚೀಲವನ್ನೂ ಬಿಡದೆ ಮೂಸಿ ನೋಡಿದಳು. ಕೊನೆಗೆ ಮೂಗು ಹಿಡಿದ ಜಾಡು ಹಿಂದಿನ ಕೋಣೆಗೆ ಹೋಗಿ ನಿಂತಿತು. ಅಲ್ಲಿ ಗೋಡೆಯುದ್ದಕ್ಕೂ ಅತ್ತೆಯ ಹಳೆಯ ಫಿಲ್ಮು ಸುರುಳಿಗಳ ತಗಡಿನ ಡಬ್ಬಿಗಳು, ತಟ್ಟೆಯ ಮೇಲೆ ತಟ್ಟೆ ಇಟ್ಟ ಹಾಗೆ, ಎದೆಮಟ್ಟಕ್ಕೆ ಪೇರಿಸಿದ್ದವು. ಒಂದರ ಮುಚ್ಚಳ ಎತ್ತಿದ್ದೇ ತಡ, ಕಣ್ಣಲ್ಲಿ ನೀರು ಬರುವಷ್ಟು ಖಾರವಾಗಿ ವಾಸನೆ ಮುಖಕ್ಕೆ ಹೊಡೆಯಿತು.

ಅತ್ತೆ ಸಾಕ್ಷ್ಯಚಿತ್ರ ಮಾಡುವವರು. ಹುಡುಗನ ತಾಯಿ ಸಿನಿಮಾದವರಂತೆ ಎಂದು ಕೇಳಿ, ಮದುವೆಗೆ ಮುಂಚೆ ಸೊಸೆಯ ದೊಡ್ಡಮ್ಮ ಒಳ್ಳೆಯ ಸೀರೆ ಉಟ್ಟುಕೊಂಡು ನೋಡಲು ಬಂದಿದ್ದರು. "ನಿಮ್ಮ ಸಿನಿಮಾಕ್ಕೆ ಹೀರೋಯಿನ್ ಯಾರು?" ಎಂದು ಕೇಳಿದರು. "ಜಲ್ಲಿ ಹೊರೋ ಹೆಂಗಸು," ಎಂದರು ಅತ್ತೆ. "ಹಾಡು?" "ಅವಳು ಕೆಮ್ತಾಳೆ." ದೊಡ್ಡಮ್ಮ ಟೀ ಕುಡಿದು ತೆಪ್ಪಗೆ ಎದ್ದು ಹೋಗಿದ್ದರು. ಬೀದಿಯವರಿಗೆ ಮಾತ್ರ ಅತ್ತೆ ಎಂದಿಗೂ 'ಡಬ್ಬಾ ಸಿನಿಮಾದೋರು'. ಡಬ್ಬಿಗಳಲ್ಲಿ ಇರುವುದರಿಂದಲೋ, ದುಡ್ಡು ಮಾಡದ್ದರಿಂದಲೋ, ಅದನ್ನು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಅತ್ತೆಯೇ ಒಮ್ಮೆ ಫೋನಿನಲ್ಲಿ "ಹೂಂ, ಡಬ್ಬಾ ಸಿನಿಮಾದೋಳೇ ಮಾತಾಡ್ತಿರೋದು" ಎಂದದ್ದನ್ನು ಸೊಸೆ ಕೇಳಿಸಿಕೊಂಡಿದ್ದಳು.

ಈಗ ಅವರಿಗೆ ಎಪ್ಪತ್ತರ ಆಸುಪಾಸು. ಕೈಗೆ ನಡುಕ ಬಂದಮೇಲೆ ಕ್ಯಾಮರಾ ಮುಟ್ಟಿರಲಿಲ್ಲ.

ಸುದ್ದಿ ತಿಳಿದ ಗಂಡ ಊಟದ ತಟ್ಟೆಯ ಮುಂದೆ ಕೂತು ತೀರ್ಪು ಕೊಟ್ಟ. ಅವನು ಲಿಫ್ಟ್ ಮೆಕ್ಯಾನಿಕ್. ಕಂಪನಿ ಬಿಟ್ಟು ಸ್ವಂತ ಕೆಲಸ ಶುರುಮಾಡಿ ಕೆಲವು ತಿಂಗಳಾಗಿತ್ತು. ಮೋಟಾರು, ತಂತಿಹಗ್ಗದ ಸುರುಳಿ, ಗ್ರೀಸಿನ ಡಬ್ಬ ಎಲ್ಲವೂ ಊಟದ ಮೇಜಿನ ಕೆಳಗೇ ಸೇರಿ, ಮನೆಯವರು ಮಡಿಸಿದ ಮೊಣಕಾಲು ಬಿಚ್ಚದೆ ಉಣ್ಣುವುದನ್ನು ಕಲಿತಿದ್ದರು.

"ಕೊಳೆತು ಹೋಗಿದೆ ಅಂದ್ಮೇಲೆ ಮುಗೀತಲ್ಲ. ಕೋಣೆ ಖಾಲಿ ಮಾಡೋಣ. ನನ್ನ ಸಾಮಾನಿಗೆ ಜಾಗ ಆಗುತ್ತೆ."

"ಅಜ್ಜಿನ ಕೇಳಿದ್ಯಾ ಅಪ್ಪಾ?" ಎಂದಳು ಒಂಬತ್ತನೇ ಕ್ಲಾಸಿನ ಮಗಳು.

"ನೀನು ಒಗ್ಗರಣೆ ಹಾಕ್ಬೇಡ, ಊಟ ಮಾಡು."

ಅತ್ತೆ ತಲೆ ಎತ್ತಲಿಲ್ಲ. ನಡುಗುವ ಕೈಗೆ ಚಮಚ ಸರಿಯಾಗಿ ಸಿಗುವವರೆಗೆ ಕಾದು, ಅನ್ನ ಬಾಯಿಗಿಟ್ಟುಕೊಂಡು, "ಎಲ್ಲಾ ಕೊಳೆತಿಲ್ಲ. ಕೆಟ್ಟಿದ್ದನ್ನ ಬೇರೆ ಮಾಡ್ಬೇಕು. ನೋಡ್ತೀನಿ," ಎಂದರು.

"ಹತ್ತು ವರ್ಷದಿಂದ ನೋಡ್ತಾನೇ ಇದೀಯ."

ಮಾವ ಗಂಟಲು ಸರಿಮಾಡಿಕೊಂಡರು. ಆ ಸದ್ದಿಗೆ ಆ ಮನೆಯಲ್ಲಿ 'ಇನ್ನು ಸಾಕು' ಎಂದು ಅರ್ಥ.

*

ಒಂದು ಶನಿವಾರ ಅತ್ತೆ ಕೈ ತೋರಿಸಲು ಮಾವನ ಜೊತೆ ಆಸ್ಪತ್ರೆಗೆ ಹೋದರು. ಅವರು ಹೋಗಿ ಒಂದು ಗಂಟೆ ಆಗಿತ್ತೋ ಇಲ್ಲವೋ, ಗುಜರಿಯವನ ಗಾಡಿ ಬಾಗಿಲಿಗೆ ಬಂದು ನಿಂತಿತು. ಗಂಡನೇ ಬರಹೇಳಿದ್ದ.

"ರೀ, ಅವ್ರು ಬರಲಿ. ಹೇಳಿ ಮಾಡೋಣ," ಎಂದಳು ಸೊಸೆ. ಮಾತಿಗೆ ಅಷ್ಟು ಜೋರಿರಲಿಲ್ಲ. ವಾಸನೆಯಿಂದ ಅವಳಿಗೂ ತಲೆನೋವು ಹಿಡಿದು ವಾರವಾಗಿತ್ತು.

"ಹೇಳಿದ್ರೆ ನೋಡ್ತೀನಿ ಅಂತಾಳೆ. ಹೋಗ್ಲಿ ಬಿಡು, ಒಂದು ದಿನ ಬೈತಾಳೆ, ಆಮೇಲೆ ಸರಿಹೋಗ್ತಾಳೆ."

ಗುಜರಿಯವನು ಮೊದಲ ಡಬ್ಬಿಯನ್ನು ತೂಗಿ ನೋಡಿ, ಮುಚ್ಚಳ ತೆಗೆದು, "ತಗಡು ತಗೋತೀನಿ ಸಾರ್, ಒಳಗಿರೋದು ನನಗೆ ಬೇಡ," ಎಂದು ಸುರುಳಿಯನ್ನು ಅಂಗಳಕ್ಕೆ ಕೊಡವಿದ. ಫಿಲ್ಮು ಬಿಚ್ಚಿಕೊಂಡು ಗೇಟಿನವರೆಗೂ ಉರುಳಿತು. ಅಂಟಿಸಿದ ಜಾಗಗಳಲ್ಲಿ ಕಳಚಿ ತುಂಡು ತುಂಡಾಯಿತು.

ಸೊಸೆ ಗುಡಿಸಿ ಒಟ್ಟುಮಾಡಲೆಂದೇ ಬಗ್ಗಿದ್ದು. ಒಂದು ತುಂಡು ಬೆರಳಿಗೆ ಸುತ್ತಿಕೊಂಡಿತು. ಬಿಡಿಸಲು ಎತ್ತಿದಾಗ ಬಿಸಿಲು ಅದರೊಳಗಿಂದ ಹಾದುಬಂತು. ಉಗುರಿನಷ್ಟಗಲದ ಚೌಕದಲ್ಲಿ ಒಬ್ಬ ಹೆಂಗಸು. ಮೈ, ಮುಖ, ಕೂದಲು ಎಲ್ಲ ಕಲ್ಲಿನ ಧೂಳು. ಹಲ್ಲು ಮಾತ್ರ ಫಳಫಳ. ಕಂಕುಳಲ್ಲೊಂದು ಕೂಸು. ನಗುತ್ತಿದ್ದಳು. ಕೆಳಗಿನ ಚೌಕದಲ್ಲೂ ಅವಳೇ, ನಗು ಒಂದು ಕೂದಲೆಳೆಯಷ್ಟು ಹೆಚ್ಚು. ಅದರ ಕೆಳಗೆ ಮತ್ತಷ್ಟು. ಸೊಸೆ ಹಾಗೇ ಇಳಿಯುತ್ತ ಹೋದಳು. ಆ ನಗು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ನೋಡುವಷ್ಟರಲ್ಲಿ ತುಂಡು ಮುಗಿಯಿತು.

"ಡಬ್ಬಿ ಕೆಳಗಿಡಪ್ಪ," ಎಂದಳು.

"ಅಕ್ಕಾ?"

"ಕೆಳಗಿಡು ಅಂದೆ. ಏನೂ ಕೊಡೋದಿಲ್ಲ. ಗಾಡಿ ತಿರುಗಿಸ್ಕೊ."

"ಏನೇ ನಿಂದು?" ಎಂದ ಗಂಡ. "ನಿನ್ನೆವರೆಗೂ ತಲೆನೋವು ತಲೆನೋವು ಅಂತ ನೀನೇ ಕುಣೀತಿದ್ದೆ!"

"ತಲೆನೋವಿಗೆ ಮಾತ್ರೆ ಇದೆ. ಇದಕ್ಕೇನಿದೆ?"

ಈ ಜಗಳ ನಡೆಯುತ್ತಿರುವಾಗಲೇ ಅತ್ತೆ, ಮಾವ ಗೇಟಿನಲ್ಲಿ ಬಂದು ನಿಂತಿದ್ದರು. ಡಾಕ್ಟರು ರಜೆಯಂತೆ. ಅತ್ತೆ ಅಂಗಳವನ್ನೊಮ್ಮೆ ನೋಡಿದರು. ಒಂದು ಮಾತೂ ಆಡದೆ ಮೊಣಕಾಲೂರಿ ಕೂತು, ಗೇಟಿನ ಹತ್ತಿರದ ತುದಿಯಿಂದ ಫಿಲ್ಮು ಎತ್ತಿಕೊಳ್ಳತೊಡಗಿದರು. ಕೈ ನಡುಗಿ ತುಂಡುಗಳು ಜಾರಿ ಬೀಳುತ್ತಿದ್ದವು, ಮತ್ತೆ ಎತ್ತುತ್ತಿದ್ದರು.

ಬೈದಿದ್ದರೆ ಗಂಡನಿಗೆ ಸುಲಭವಾಗುತ್ತಿತ್ತು. ಆ ಮೌನ ಅವನನ್ನು ರೊಚ್ಚಿಗೆಬ್ಬಿಸಿತು.

"ಹೂಂ, ಎತ್ಕೋ. ಊರಿಗೆ ಉಪಕಾರಿ, ಮನೆಗೆ ಮಾರಿ! ಕಲ್ಲು ಹೊರೋರು ಕೆಮ್ಮಿದ್ದು ಕೇಳ್ತು ನಿನಗೆ, ಮೋರಿಗೆ ಇಳಿಯೋರ ಕಷ್ಟ ಕಾಣಿಸ್ತು. ನಾನು ಚಿಕ್ಕೋನು, ಕೈ ಮುರ್ಕೊಂಡು ಬಿದ್ದಿದ್ದಾಗ ಎಲ್ಲಿದ್ದೆ ನೀನು? ಇಷ್ಟು ಡಬ್ಬಿ ಇದೆಯಲ್ಲ, ಒಂದರಲ್ಲಾದ್ರೂ ನಾನಿದೀನಾ? ಊರವ್ರ ಮಕ್ಕಳೆಲ್ಲ ಇದಾರೆ!"

ಬೀದಿಯ ಎರಡು ಕಿಟಕಿಗಳು ತೆರೆದುಕೊಂಡವು.

ಅತ್ತೆ ಸುರುಳಿಯನ್ನು ಎದೆಗೊತ್ತಿಕೊಂಡು ಎದ್ದರು. "ನೀನಿಲ್ಲ. ನಿಜ," ಎಂದಷ್ಟೇ ಹೇಳಿ ಒಳಗೆ ಹೋದರು.

ಮಾವ ಕೈಯಲ್ಲಿದ್ದ ತರಕಾರಿ ಚೀಲವನ್ನು ಮಗನ ಕಾಲ ಬಳಿ ಇಟ್ಟರು. "ನಿನ್ನ ಕೈ ಮುರಿದಾಗ ನಿನಗೆ ತುತ್ತು ಮಾಡಿ ತಿನ್ಸಿದ್ದು ನಾನು. ನನಗೆ ಇಲ್ಲದ ದೂರು ನಿನಗ್ಯಾಕೋ? ಇವತ್ತಿಂದ ಈ ಮನೇಲಿ ನಾನು ಒಲೆ ಹಚ್ಚಲ್ಲ."

"ಎಲ್ಲಿವರೆಗೂ?" ಎಂದಳು ಮೊಮ್ಮಗಳು ಗಾಬರಿಯಿಂದ.

"ನಿಮ್ಮಜ್ಜಿ ಸಿನಿಮಾ ಮತ್ತೆ ಓಡೋವರೆಗೂ."

*

ಮಾವ ಆಡಿದ ಮಾತಿಗೆ ತಪ್ಪುವವರಲ್ಲ. ಮರುದಿನದಿಂದ ಸೌಟು ಸೊಸೆಯ ಕೈಗೆ ಬಂತು. ಶಾಲಾ ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ಗುಂಡಿಗಳ ಕಾಜಾ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಲೆಯ ಮುಂದೆ ಮಾತ್ರ ಅವಳ ಕೈ ಎತ್ತಲೋ ಬುದ್ಧಿ ಎತ್ತಲೋ. ಅನ್ನ ಒಂದು ದಿನ ಗಂಜಿ, ಒಂದು ದಿನ ಜಲ್ಲಿ. ಮಗಳು ಬೇಯಿಸಿದ ಮೊಟ್ಟೆ ಬಿಟ್ಟು ಬೇರೇನೂ ಬೇಡವೆಂದು ಘೋಷಿಸಿದಳು. ಮಾವ ಎಲ್ಲವನ್ನೂ ತುಟಿ ಪಿಟಕ್ಕೆನ್ನದೆ ತಿಂದು, ತಟ್ಟೆ ತೊಳೆದಿಟ್ಟು, ಪೇಪರು ಹಿಡಿದು ಕೂರುತ್ತಿದ್ದರು.

ಅತ್ತೆ ಸುಮ್ಮನಿರಲಿಲ್ಲ. ಸರ್ಕಾರದ ಚಿತ್ರ ಸಂಗ್ರಹಾಲಯಕ್ಕೆ ಸ್ಪೀಕರ್ ಹಾಕಿ ಫೋನು ಮಾಡಿದರು. ಅಲ್ಲಿಯವರು ಅವರ ಹೆಸರು ಕೇಳುತ್ತಲೇ ಮಾತಿನ ಧಾಟಿ ಬದಲಿಸಿದ್ದನ್ನು ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದ ಸೊಸೆ ಗಮನಿಸಿದಳು. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ ಹೊಸ ಪ್ರತಿ ಮಾಡಿಕೊಡುತ್ತೇವೆ, ಆದರೆ ಹರಿದ ಜೋಡಣೆಗಳನ್ನೆಲ್ಲ ಸರಿಮಾಡಿ, ಒಮ್ಮೆ ಓಡಿಸಿ ನೋಡಿ, ಕ್ರಮವಾಗಿ ಕಳಿಸಿ. ಮಳೆಗಾಲದ ತೇವ ಶುರುವಾದರೆ ಉಳಿಯುವುದಿಲ್ಲ ಎಂದರು.

ಮಧ್ಯಾಹ್ನವೆಲ್ಲ ಅತ್ತೆ ಮುಂದಿನ ಕೋಣೆಯಲ್ಲಿ ಕೂತು ಎರಡು ತುಂಡುಗಳ ಅಂಚು ಸೇರಿಸಲು ಹೆಣಗುತ್ತಿದ್ದರು. ಫಿಲ್ಮಿನ ಅಂಚಿನ ತೂತುಗಳು ಅಂಟಿಸುವ ಅಚ್ಚಿನ ಹಲ್ಲಿಗೆ ಸರಿಯಾಗಿ ಕೂರಬೇಕು. ಕೈ ನಡುಗಿ ತಪ್ಪುತ್ತಿತ್ತು. ಸೊಸೆ ಒಂದು ದಿನ ನೋಡಿದಳು, ಎರಡು ದಿನ ನೋಡಿದಳು. ಮೂರನೆಯ ದಿನ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಕೂತಳು.

"ಕೊಡಿ ಅತ್ತೆ. ಕಾಜಾ ಹೊಲಿಯೋಕಿಂತ ಕಷ್ಟಾನಾ ಇದು?"

"ಕೈ ತೊಳ್ದು ಬಾ. ಗ್ಲೌಸ್ ಹಾಕ್ಕೋ. ಚಿತ್ರ ಮುಟ್ಬೇಡ, ಅಂಚು ಹಿಡಿ." ಅತ್ತೆಯ ದನಿಯಲ್ಲಿ ತಟ್ಟನೆ ಒಬ್ಬ ಯಜಮಾನಿ ಎದ್ದು ಕೂತಿದ್ದಳು. ಮೊದಲ ಜೋಡಣೆ ನೋಡಿ, "ಓರೆ ಆಯ್ತು, ಕಿತ್ತು ಮತ್ತೆ ಹಾಕು," ಎಂದರು. ಎರಡನೆಯದಕ್ಕೂ ಅದೇ ಮಾತು. ಆರನೆಯದೋ ಏಳನೆಯದೋ ನೋಡಿ ಏನೂ ಹೇಳದೆ ಮುಂದಿನ ತುಂಡು ಕೈಗಿತ್ತರು. ಅಂಗಡಿಯ ಮಾಲೀಕನ ಹೊಗಳಿಕೆಗಿಂತ ಆ ಮೌನ ಸೊಸೆಗೆ ರುಚಿಸಿತು.

ಹೀಗೆ ವಾರಗಳು ಕಳೆದವು. ಅಂಗಡಿಯಿಂದ ಬಂದವಳೇ ಸೊಸೆ ಗ್ಲೌಸು ಹಾಕಿಕೊಳ್ಳುತ್ತಿದ್ದಳು. ಒಂದೊಂದೇ ಅಂಟಿಸುತ್ತ ಹೋದ ಹಾಗೆ ಅತ್ತೆಯ ಆಯುಷ್ಯ ಅವಳ ಬೆರಳ ಸಂದಿಯಲ್ಲಿ ಹಾದುಹೋಗುತ್ತಿತ್ತು. ಅಣೆಕಟ್ಟಿನ ನೀರಿಗೆ ಮುಳುಗಲಿರುವ ಹಳ್ಳಿಯವರು ತಮ್ಮ ಬಾಗಿಲುಗಳನ್ನು ಕಿತ್ತು ಹೊತ್ತು ಸಾಗುವ ಸಾಲು. ಮೋರಿಯಿಂದ ತಲೆ ಹೊರಹಾಕಿ ಬೀಡಿ ಕೇಳುವ ಗಂಡಸು. ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿಯರ ಜಡೆಗಳ ಮೇಲೆ ಇಯರ್‌ಫೋನು.

"ಇದನ್ನ ನಿಷೇಧ ಮಾಡಿದ್ರು," ಎಂದರು ಅತ್ತೆ ಮುಳುಗಡೆಯ ಸುರುಳಿ ಬಂದಾಗ. "ಥಿಯೇಟರಲ್ಲಿ ಹಾಕೋ ಹಾಗಿಲ್ಲ ಅಂದ್ರು. ನಿಮ್ಮ ಮಾವ ಮಂಚದ ಮೇಲಿನ ದುಪ್ಪಟಿ ಕಿತ್ಕೊಟ್ರು. ಅದನ್ನ ಗೋಡೆಗೆ ಕಟ್ಟಿ ಊರೂರಲ್ಲಿ ತೋರ್ಸಿದ್ವಿ."

"ಮತ್ತೆ ಮಲಗೋಕೆ?"

"ಚಳಿಗಾಲ ಪೂರ್ತಿ ಅವರ ಆಫೀಸಿನ ಕೋಟು ಹೊದ್ಕೊಂಡು ಮಲಗಿದ್ದು ನಾವು."

ಪೇಪರಿನ ಹಿಂದಿನಿಂದ ಮಾವ ಹೇಳಿದರು: "ದುಪ್ಪಟಿ ಇನ್ನೂ ವಾಪಸ್ ಬಂದಿಲ್ಲ."

"ಮಾವ, ನಿಮ್ಮನ್ನ ಜನ ಏನೂ ಅನ್ಲಿಲ್ವಾ?"

"ಅಂದ್ರಮ್ಮ. ಹೆಂಡ್ತಿ ಊರು ಸುತ್ತೋಕೆ, ಗಂಡ ಪಾತ್ರೆ ತಿಕ್ಕೋಕೆ ಅಂದ್ರು. ನಾನು ಅಂಚೆಯವನು, ಬಂದಿದ್ದನ್ನೆಲ್ಲ ತೆಗೆದು ಓದೋ ಅಭ್ಯಾಸ ಇಲ್ಲ. ಮುದ್ರೆ ಒತ್ತಿ ಮುಂದಕ್ಕೆ ಕಳಿಸ್ಬಿಡ್ತೀನಿ."

ಜೋಡಣೆ ಮುಗಿಯುತ್ತ ಬಂದಾಗ ಹೊಸ ತೊಡಕು ಕಾಣಿಸಿಕೊಂಡಿತು. ಓಡಿಸಿ ನೋಡಬೇಕಲ್ಲ! ಅತ್ತೆಯ ಹಳೆಯ ಸಂಕಲನದ ಮೇಜು, ಎರಡೂ ಬದಿಗೆ ತಟ್ಟೆ, ನಡುವೆ ಕೈಯಗಲದ ತೆರೆ ಇರುವ ಕಬ್ಬಿಣದ ಹೊರೆ, ಸತ್ತು ಎಷ್ಟೋ ವರ್ಷಗಳಾಗಿದ್ದವು. ಗುಂಡಿ ಒತ್ತಿದರೆ ಗೊರ ಗೊರ ಎಂದು ಸುಮ್ಮನಾಗುತ್ತಿತ್ತು. ಅದನ್ನು ರಿಪೇರಿ ಮಾಡುತ್ತಿದ್ದ ಮನುಷ್ಯನೂ ತೀರಿಕೊಂಡಿದ್ದ.

ಆ ಸಂಜೆ ಗಂಡ ಸೀದುಹೋದ ಆಲೂಗಡ್ಡೆಯನ್ನು ತಟ್ಟೆಯಲ್ಲಿ ಈ ಕಡೆಯಿಂದ ಆ ಕಡೆಗೆ ದೂಡುತ್ತಿದ್ದ. ಮಾವ ಗಾಳಿಗೆ ಹೇಳಿದಂತೆ ಹೇಳಿದರು: "ಮೋಟಾರು, ರಾಟೆ, ಬೆಲ್ಟು. ಅದರಲ್ಲಿ ಇನ್ನೇನಿದೆ? ಮೇಲೆ ಕೆಳಗೆ ಹೋಗೋ ಬದಲು ಅಡ್ಡಡ್ಡ ಹೋಗುತ್ತೆ. ಅಷ್ಟೇ."

ಗಂಡ ಆಲೂಗಡ್ಡೆಯನ್ನು ಮತ್ತೆ ಈ ಕಡೆಗೆ ದೂಡಿದ.

"ಅಪ್ಪಾ, ಪ್ಲೀಸ್," ಎಂದಳು ಮಗಳು. "ಅಮ್ಮನ ಅಡುಗೆ ನಾನು ಇನ್ನೂ ಒಂದು ವಾರ ತಿಂದ್ರೆ ಪರೀಕ್ಷೆಗೆ ಕೂರಲ್ಲ."

ಸೊಸೆ ಅವಳ ತಲೆಗೆ ಮೊಟಕಿದಳು. ಗಂಡನಿಗೆ ನಗು ತಡೆಯಲಾಗಲಿಲ್ಲ. ನಕ್ಕಮೇಲೆ ಸಿಟ್ಟು ಹಿಡಿದುಕೊಂಡು ಕೂರುವುದು ಕಷ್ಟ. ಟಾರ್ಚು, ಸ್ಪ್ಯಾನರು ತೆಗೆದುಕೊಂಡು ಎದ್ದ. "ಹೊಟ್ಟೆಪಾಡಿಗೆ ಮಾಡ್ತಿದೀನಿ. ಬೇರೆ ಅರ್ಥ ಮಾಡ್ಕೋಬೇಡಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಸಂಕಲನದ ಮೇಜಿನ ಕೆಳಗೆ ತೂರಿಕೊಂಡ.

ಅತ್ತೆ ಪಕ್ಕದಲ್ಲಿ ಟಾರ್ಚು ಹಿಡಿದು ನಿಂತರು. ಬೆಳಕು ನಡುಗಿದಾಗ ಅವನು ಏನೂ ಅನ್ನದೆ ತನ್ನ ಕೈಯಿಂದ ಅವರ ಮಣಿಕಟ್ಟನ್ನು ಹಿಡಿದು, ಬೇಕಾದ ಕಡೆ ತಿರುಗಿಸಿಕೊಂಡ. ಮರುದಿನ, ಭಾನುವಾರವೆಲ್ಲ, ತಾಯಿ ಮಗನ ನಡುವೆ "ಇನ್ನೂ ಎಡಕ್ಕೆ", "ಹಿಡಿ", "ಬಿಡು" ಎಂಬುದರ ಹೊರತು ಮಾತಿರಲಿಲ್ಲ. ಸಂಜೆಯ ಹೊತ್ತಿಗೆ ತಟ್ಟೆಗಳು ಸದ್ದಿಲ್ಲದೆ ತಿರುಗಿದವು.

"ಲಿಫ್ಟಿಗಿಂತ ಚೆನ್ನಾಗಿದೆ ಮೋಟಾರು," ಎಂದ ಗಂಡ, ಅವನಿಗೇ ಗೊತ್ತಿಲ್ಲದ ಹಾಗೆ.

ಅಡುಗೆಮನೆಯಿಂದ ಬೆಣ್ಣೆ ಕಾಯುವ ವಾಸನೆ ಬಂತು. ಮಾವ ಒಲೆ ಹಚ್ಚಿದ್ದರು.

*

ಜಲ್ಲಿ ಕ್ರಷರ್‌ಗಳ ಚಿತ್ರ ಅತ್ತೆಯ ಮೊದಲನೆಯದು. ಅಧಿಕಾರಿಗಳು ಅದನ್ನು ನೋಡಿದಮೇಲೆ ಅಲ್ಲಿನ ಯಂತ್ರಗಳ ಮೇಲೆ ನೀರು ಚಿಮುಕಿಸುವ ಕೊಳವೆಗಳು ಬಂದವು, ಕೆಲಸದವರ ಎದೆ ಪರೀಕ್ಷೆಗೆ ವೈದ್ಯರು ಬಂದರು. ಬಹಳ ಜನರಿಗೆ ಅಷ್ಟರಲ್ಲಿ ತಡವಾಗಿತ್ತು. ಚಿತ್ರ ಮತ್ತೆ ಜೀವ ಪಡೆಯುತ್ತಿದೆ ಎಂದು ಅತ್ತೆ ಅಲ್ಲಿನ ಕೂಲಿಕಾರರ ಸಂಘಕ್ಕೆ ಫೋನು ಮಾಡಿ ತಿಳಿಸಿದ್ದರು.

ಒಂದು ಬೆಳಿಗ್ಗೆ ಬಸ್ ಕಂಡಕ್ಟರ್ ಸಮವಸ್ತ್ರದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಭುಜಕ್ಕೆ ಚೀಲ, ಬಾಯಿತುಂಬ ಮಾತು.

"ಡಬ್ಬಾ ಸಿನಿಮಾದಮ್ಮನ ಮನೆ ಅಂದೆ, ಮೂಲೆ ಅಂಗಡಿಯವನು ಇಲ್ಲೀವರೆಗೂ ಬಂದು ಬಿಟ್ಹೋದ. ನಮ್ಮಮ್ಮ ಕ್ರಷರಲ್ಲಿದ್ಲು. ನಾನು ಮೊಲೆಹಾಲು ಬಿಡೋ ಹೊತ್ತಿಗೆ ಹೋಗ್ಬಿಟ್ಲು. ಅವಳದೊಂದು ಫೋಟೋ ಇಲ್ಲ. ಅವಳು ಸಿನಿಮಾದಲ್ಲಿದಾಳೆ, ನನ್ನ ಎತ್ಕೊಂಡು ನಗ್ತಾಳೆ ಅಂತ ದೊಡ್ಡೋರೆಲ್ಲ ಹೇಳ್ತಾರೆ. ನಿಜಾನಾ?"

ಸೊಸೆ ತಿರುಗಿ ಸಂಕಲನದ ಮೇಜಿನ ಕಡೆ ನೋಡಿದಳು. ಅಂಗಳದಲ್ಲಿ ಬೆರಳಿಗೆ ಸುತ್ತಿಕೊಂಡಿದ್ದ ತುಂಡನ್ನು ಅವಳೇ ತನ್ನ ಕೈಯಿಂದ ಅಂಟಿಸಿದ್ದಳು.

ಅತ್ತೆ ಬಂದವಳನ್ನು ಮೇಜಿನ ಮುಂದೆ ಕೂರಿಸಿದರು. "ಇವತ್ತು ಒಂದೇ ಸಲ ಓಡ್ಸೋದು. ಹಳೇದು, ತಡ್ಕೊಳ್ಳಲ್ಲ. ರೆಪ್ಪೆ ಬಡೀದೆ ನೋಡು." ಗಂಡ ಕೆಲಸಕ್ಕೆ ಹೊರಟಿದ್ದವನು, ಯಂತ್ರ ಕೈಕೊಟ್ಟರೆ ಎಂದು ನಿಂತುಕೊಂಡ. ಗುಂಡಿ ಒತ್ತಿದವನೂ ಅವನೇ.

ತೆರೆಯ ಮೇಲೆ ಧೂಳು. ಧೂಳಿನೊಳಗಿಂದ ಬುಟ್ಟಿ ಹೊತ್ತ ಹೆಂಗಸರ ಸಾಲು. ಒಬ್ಬಳು ಬುಟ್ಟಿ ಇಳಿಸಿ, ನೆಲದ ಮೇಲಿದ್ದ ಕೂಸನ್ನು ಎತ್ತಿ ಕಂಕುಳಿಗೆ ಹಾಕಿಕೊಂಡಳು. ಕ್ಯಾಮರಾ ಕಡೆ ನೋಡಿ ನಗತೊಡಗಿದಳು. ಸೊಸೆ ಬಿಸಿಲಿನಲ್ಲಿ ಚೌಕ ಚೌಕವಾಗಿ ನೋಡಿದ್ದ ನಗು ಈಗ ಒಂದೇ ಹರಿವಿನಲ್ಲಿ ಮೇಲೆದ್ದಿತು. ಅಷ್ಟರಲ್ಲಿ ಕೂಸು ಏನನ್ನೋ ಬಾಯಿಗಿಟ್ಟಿತು. ಹೆಂಗಸು ಅದರ ಬಾಯಿಗೆ ಬೆರಳು ಹಾಕಿ, ಒರಟು ದನಿಯಲ್ಲಿ ಗದರಿದಳು: "ಏ ಕತ್ತೆ, ಕಲ್ಲು ತಿಂತೀಯೇನೇ! ಉಗಿ, ಉಗಿ!"

ಕೂಸು ಉಗಿಯಿತು. ಸಾಲು ಮುಂದೆ ಸಾಗಿತು. ಚಿತ್ರ ಬೇರೆ ಕಡೆ ತಿರುಗಿತು.

ಕಂಡಕ್ಟರ್ ಹೆಂಗಸು ತೆರೆಗೆ ಮೂಗು ತಾಗುವಷ್ಟು ಬಗ್ಗಿದ್ದಳು. ಆಮೇಲೆ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ, "ಕೇಳಿಸ್ತಾ?" ಎಂದಳು. "ನಮ್ಮಮ್ಮ ನನ್ನ ಕತ್ತೆ ಅಂದ್ಲು!" ಎಂದು ನಕ್ಕಳು. ನಗುತ್ತಲೇ ಅಳು ಬಂತು. "ದನಿ ನೋಡ್ರೀ ಅವಳದು! ನಂದೇ ದನಿ. ನಾನೂ ಹಿಂಗೇ ಕಿರುಚ್ತೀನಿ ಬಸ್ಸಲ್ಲಿ. ಇದು ಯಾರ ಗಂಟಲು ಬಂತೋ ಅಂತ ಗಂಡನ ಮನೆಯವ್ರೆಲ್ಲ ಬೈತಾರೆ. ಈಗ ಗೊತ್ತಾಯ್ತು, ಯಾರದು ಅಂತ!"

ಮಾವ ಅವಳನ್ನು ಊಟ ಮಾಡದೆ ಬಿಡಲಿಲ್ಲ. ಎರಡು ಸಲ ಬಡಿಸಿಕೊಂಡು ಉಂಡಳು. ಹೋಗುವಾಗ ಅತ್ತೆಯ ನಡುಗುವ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು, "ಹೊಸದು ಆದ ತಕ್ಷಣ ಮೊದಲು ನಮ್ಮೂರಲ್ಲಿ ಹಾಕ್ಬೇಕು," ಎಂದಳು. "ಇನ್ನೆಲ್ಲಿ ಹಾಕ್ತೀನಿ?" ಎಂದರು ಅತ್ತೆ.

ಅವಳು ಹೋದಮೇಲೆ ಗಂಡ ಮೇಜಿನ ಬಳಿಯೇ ಉಳಿದ. ಸೊಸೆ ತಟ್ಟೆ ಎತ್ತುವ ನೆಪದಲ್ಲಿ ಬಾಗಿಲ ಬಳಿ ನಿಂತಳು.

"ನಾನು ಕೈ ಮುರ್ಕೊಂಡಾಗ ನೀನು ಆ ಕ್ರಷರಲ್ಲಿದ್ದೆ," ಎಂದ ಗಂಡ.

"ಹೂಂ. ಸುದ್ದಿ ಬಂತು. ಬರ್ಲಿಲ್ಲ. ನಿನಗೆ ನಿಮ್ಮಪ್ಪ ಇದ್ರು. ಅವತ್ತು ನಾನು ಬಂದಿದ್ರೆ ಆ ಮಾಲೀಕ ಮತ್ತೆ ಒಳಗೆ ಬಿಡ್ತಿರ್ಲಿಲ್ಲ." ಅತ್ತೆ ಸುರುಳಿಯನ್ನು ಡಬ್ಬಿಗಿಡುತ್ತಿದ್ದರು. "ನಿನಗೆ ನೋವಾಗಿದ್ದು ನಿಜ. ಅದನ್ನ ಅಳಿಸೋಕಾಗಲ್ಲ. ಹಾಗಂತ ತಪ್ಪು ಮಾಡ್ದೆ ಅಂತ ಸುಳ್ಳು ಹೇಳಲ್ಲ ಕಣೋ. ಇನ್ನೊಂದು ಸಲ ಆದ್ರೂ ಅಲ್ಲೇ ಇರ್ತಿದ್ದೆ."

"ವಾಪಸ್ ಬರೋವಾಗ ನೀನು ಒಂದು ಹೊಳೆಯೋ ಕಲ್ಲು ತಂದಿದ್ದೆ ನನಗೆ. ನಾನು ಎಸೆದ್ಬಿಟ್ಟೆ."

"ಗೊತ್ತು. ಕಿಟಕೀಲಿ ನೋಡ್ತಿದ್ದೆ."

ಅತ್ತೆ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದರು.

"ಮತ್ತೆ ನನ್ನನ್ನ ಯಾಕೆ ಒಂದ್ಸಲಾನೂ ತೆಗೀಲಿಲ್ಲ?"

"ಯಾರ ಚಿತ್ರ ತೆಗೆದ್ರೂ ನಾನು ಮೊದಲು ಕೇಳ್ತಿದ್ದೆ. ಬೇಡ ಅಂದೋರ ಮುಂದೆ ಕ್ಯಾಮರಾ ಎತ್ತಿಲ್ಲ. ನೀನು ಮಗು. ನಿನ್ನ ಕೇಳಿದ್ರೆ, ಅಮ್ಮ ಇನ್ನೊಂದು ದಿನ ಮನೇಲಿರ್ತಾಳೆ ಅಂತ ಎಲ್ಲದಕ್ಕೂ ಹೂಂ ಅಂತಿದ್ದೆ. ಅಂಥ ಹೂಂ ತಗೊಂಡು ನಾನೇನು ಮಾಡ್ಲಿ?"

ಗಂಡ ಸ್ಪ್ಯಾನರನ್ನು ಕೈಯಿಂದ ಕೈಗೆ ಬದಲಿಸಿದ. "ಆ ಬಲಗಡೆ ರಾಟೆ ಇನ್ನೂ ಸ್ವಲ್ಪ ಓಲಾಡ್ತಿದೆ. ಸಂಜೆ ನೋಡ್ತೀನಿ," ಎಂದು ಹೊರಟ. ಆ ವಾರ ಅವನು ಪಕ್ಕದ ಬೀದಿಯಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದ. ಊಟದ ಮೇಜಿನ ಕೆಳಗೆ ಎಲ್ಲರ ಕಾಲುಗಳೂ ಚಾಚಿಕೊಂಡವು.

*

ಮಳೆಗೆ ಮೊದಲೇ ಡಬ್ಬಿಗಳು ಸಂಗ್ರಹಾಲಯ ಸೇರಿದವು. ಎರಡು ಮಾತ್ರ ಅಂಟಿಕೊಂಡು ಇಟ್ಟಿಗೆಯಂತಾಗಿ ಉಳಿಯಲಿಲ್ಲ. ಅತ್ತೆ ಅವುಗಳ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿ ಆಚೆಗಿಟ್ಟರು. ಉಳಿದವಕ್ಕೆ ಹೊಸ ಪ್ರತಿ ಬಂತು.

ಕ್ರಷರ್ ಊರಿನ ಶಾಲೆಯ ಹಾಲಿನಲ್ಲಿ ಚಿತ್ರ ಏರ್ಪಾಡಾಯಿತು. ಕಂಡಕ್ಟರ್ ಹೆಂಗಸು ಬಸ್ಸಿನಲ್ಲಿ ಟಿಕೆಟ್ ಹರಿಯುವಾಗಲೆಲ್ಲ ಎಲ್ಲರಿಗೂ ಹೇಳಿದ್ದಳಂತೆ, ಕಿಟಕಿಗಳಲ್ಲೂ ಜನ. ನೆಲದ ಮೇಲೆ ಕೂತವರ ನಡುವೆ ಕಾಲಿಡಲು ಜಾಗವಿರಲಿಲ್ಲ. ಮಾವ, ಸೊಸೆ, ಮಗಳು ಗೋಡೆಗೊರಗಿ ಕೂತರು. ಗಂಡ ಬಾಗಿಲ ಬಳಿ ನಿಂತ. ಅತ್ತೆ ಮಾತ್ರ ಒಳಗೆ ಬರಲಿಲ್ಲ.

"ಅವಳು ತನ್ನ ಚಿತ್ರ ಜನರ ಜೊತೆ ಯಾವತ್ತೂ ಕೂತು ನೋಡಿಲ್ಲ," ಎಂದರು ಮಾವ. "ಹೊರಗೆ ನಿಂತು ಸದ್ದು ಕೇಳ್ತಾಳೆ. ಎಲ್ಲಿ ಕೆಮ್ಮಿದ್ರು, ಎಲ್ಲಿ ಸುಮ್ಮನಾದ್ರು ಅಂತ."

ದೀಪ ಆರಿತು. ಧೂಳಿನ ಸಾಲು ಗೋಡೆಯಷ್ಟಗಲ ತೆರೆಯ ಮೇಲೆ ನಡೆದುಬಂತು. ಮೊದಮೊದಲು ಪಿಸುಪಿಸು ಇತ್ತು, ಆಮೇಲೆ ಅದೂ ನಿಂತಿತು. ಸೊಸೆ ಬೇರೆಯವರ ಹಾಗೆ ಮುಖಗಳನ್ನಷ್ಟೇ ನೋಡಲಾರಳು. ಪ್ರತಿ ದೃಶ್ಯ ಬದಲಾಗುವಾಗಲೂ ಅವಳ ಬೆರಳ ತುದಿ ತಾನಾಗಿ ಬಿಗಿಯುತ್ತಿತ್ತು. ಒಂದು ಜೋಡಣೆಯೂ ಎಡವಲಿಲ್ಲ. ಕತ್ತೆಯ ಮಾತು ಬಂದಾಗ ಸಭೆಗೆ ಸಭೆಯೇ ನಕ್ಕಿತು.

ಚಿತ್ರ ಮುಗಿದು ದೀಪ ಹತ್ತಿತು. ಚಪ್ಪಾಳೆ ಇಲ್ಲ. ಯಾರೂ ಏಳಲಿಲ್ಲ. ಮಗಳು ಅಮ್ಮನ ತೋಳು ಹಿಡಿದು, "ಇಷ್ಟ ಆಗ್ಲಿಲ್ವಾ ಇವ್ರಿಗೆ?" ಎಂದು ಪಿಸುಗುಟ್ಟಿದಳು.

ಮುಂದಿನ ಸಾಲಿನಿಂದ ಒಬ್ಬ ಮುದುಕ ಕೋಲೂರಿ ಅರ್ಧ ಎದ್ದ. "ಇನ್ನೊಂದ್ಸಲ ಹಾಕ್ರಪ್ಪ," ಎಂದ.

"ಹಾಕ್ರಿ, ಹಾಕ್ರಿ," ಎಂದಿತು ಇಡೀ ಸಭೆ.

ಎರಡನೆಯ ಸಲ ಯಾರೂ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಬುಟ್ಟಿ ಹೊತ್ತ ಒಬ್ಬೊಬ್ಬರು ಬರುತ್ತಿದ್ದ ಹಾಗೆ ಕತ್ತಲಲ್ಲಿ ಒಂದೊಂದು ಮೂಲೆಯಿಂದ ದನಿ ಏಳುತ್ತಿತ್ತು. "ನಮ್ಮ ಚಿಕ್ಕಮ್ಮ!" "ಅದೋ, ನಮ್ಮಪ್ಪ, ಟವೆಲ್ ಕಟ್ಟಿರೋನು!" "ಅಯ್ಯೋ, ಅದು ನಾನು ಕಣ್ರೋ, ಆಗ ತಲೇಲಿ ಕೂದಲಿತ್ತು!" ಸತ್ತವರಿಗೂ ಬದುಕಿದ್ದವರಿಗೂ ಒಂದೇ ಗಲಾಟೆಯ ಸ್ವಾಗತ. ಮಾವ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು.

ಸೊಸೆ ಬಾಗಿಲ ಕಡೆ ತಿರುಗಿದಳು. ಗಂಡ ಅಲ್ಲಿರಲಿಲ್ಲ. ಮರುಕ್ಷಣ ಹೊರಗಿನ ಬೆಳಕಿನಿಂದ ತಾಯಿಯ ತೋಳು ಹಿಡಿದುಕೊಂಡು ಒಳಗೆ ಬಂದ. ಅತ್ತೆ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದರು. ಅವನು ಬಿಡಲಿಲ್ಲ. ಕೂತವರ ಮೊಣಕಾಲು, ಭುಜಗಳನ್ನು ಸರಿಸುತ್ತ, "ಜರುಗಿ, ಸ್ವಲ್ಪ ಜರುಗಿ," ಎನ್ನುತ್ತ ಮುಂದಕ್ಕೆ ಕರೆದುಕೊಂಡು ಬಂದ.

"ಯಾರ್ರೀ ಅದು, ಅಡ್ಡ ನಿಂತಿರೋದು? ಕೂತ್ಕೊಳ್ರೀ!" ಎಂದು ಹಿಂದಿನಿಂದ ಯಾರೋ ರೇಗಿದರು.

"ಈ ಸಿನಿಮಾ ಮಾಡಿದೋರು!" ಎಂದ ಗಂಡ. "ನಮ್ಮಮ್ಮ!"

ಅಷ್ಟು ಜೋರಾಗಿ ಕೂಗುವ ಅಗತ್ಯವೇನೂ ಇರಲಿಲ್ಲ. ಕೇಳಿದವನು ಎರಡೇ ಸಾಲು ಹಿಂದೆ ಕೂತಿದ್ದ.